ಕಾಫಿ ಗಿಡದ ವಂಶಾವಳಿ

ಕಾಫಿ ಹುಟ್ಟಿನಿಂದ ನೆರಳಿನ ಗಿಡ. ಇಥಿಯೋಪಿಯದ ನೈಋತ್ಯ ದಿಕ್ಕಿನ ಎತ್ತರದ ಕಾಡುಗಳಲ್ಲಿ, ದೊಡ್ಡ ಮರಗಳ ಅಡಿಯಲ್ಲಿ ಬೆಳೆಯುವ ಈ ಪೊದೆ ವರ್ಷವಿಡೀ ಹಸಿರಾಗಿರುತ್ತದೆ. ಆದರೆ ಅದರ ಮೈ ತೀರ ಮೃದು. ಇಬ್ಬನಿ ಹೆಪ್ಪುಗಟ್ಟುವಂಥ ಚಳಿ ಬಿದ್ದರೆ ಒಂದೇ ರಾತ್ರಿಯಲ್ಲಿ ಎಲೆ ಕರಟಿ ಕಪ್ಪಾಗುತ್ತದೆ. 1975ರ ಜುಲೈಯಲ್ಲಿ ಬ್ರೆಜಿಲ್ಲಿನ ಪರಾನಾ ರಾಜ್ಯದ ತೋಟಗಳು ನಾಶವಾದದ್ದು ಹೀಗೆ. ಬಿರುಬಿಸಿಲು, ಒಣಗಾಳಿ, ಬುಡದಲ್ಲಿ ನಿಂತ ನೀರು ಯಾವುದನ್ನೂ ಅದು ಬಹುಕಾಲ ತಾಳುವುದಿಲ್ಲ. ಇಂಥ ಗಿಡ ಐನೂರು ಆರುನೂರು ವರ್ಷಗಳೊಳಗೆ ಭೂಮಿಯ ಉಷ್ಣವಲಯವನ್ನೆಲ್ಲ ಸುತ್ತಿಬಂತು. ಹಾಗೆ ಸುತ್ತಿದ್ದು ಬೆರಳೆಣಿಕೆಯ ಬೀಜಗಳ, ಒಂದೆರಡು ಸಸಿಗಳ ರೂಪದಲ್ಲಿ. ಮುಂದೆ ಅದಕ್ಕೆ ಬಂದ ಕಷ್ಟಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿಯಿಂದಲೇ ಹುಟ್ಟಿದವು.

ಅರೇಬಿಕಾ ಕಾಫಿ ಎರಡು ಕಾಡುಜಾತಿಗಳು ಆಕಸ್ಮಿಕವಾಗಿ ಕೂಡಿ ಹುಟ್ಟಿದ ಸಸ್ಯ. ಇಂದು ರೊಬಸ್ಟಾ ಎಂದು ಬೆಳೆಯುವ ಕಾಫಿಯ ಜಾತಿ ಅದರ ಹೆತ್ತವರಲ್ಲಿ ಒಂದು. ಉಳಿದ ಕಾಫಿ ಜಾತಿಗಳ ಜೀವಕೋಶದಲ್ಲಿ 22 ವರ್ಣತಂತುಗಳಿದ್ದರೆ ಅರೇಬಿಕಾದಲ್ಲಿ 44 ಇವೆ. ಅದರ ಹೂವು ಬಹುಪಾಲು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಆದ್ದರಿಂದ ಬೀಜದಿಂದ ಎದ್ದ ಮಗುವೂ ತಾಯಿಯಂತೆಯೇ ಇರುತ್ತದೆ. ಒಂದು ಹಿಡಿ ಬೀಜವಿದ್ದರೆ ಒಂದು ನಾಡಿನ ತೋಟಗಳನ್ನೆಲ್ಲ ಎಬ್ಬಿಸಬಹುದು. ಆದರೆ ಆ ಹಿಡಿ ಬೀಜದ ದೌರ್ಬಲ್ಯವೂ ನಾಡಿನ ತೋಟಗಳಿಗೆಲ್ಲ ಹಂಚಿಹೋಗುತ್ತದೆ.

ಗಿಡವನ್ನು ನೆಟ್ಟು, ನೋಡಿಕೊಂಡು ಬೆಳೆಸುವುದು ಮೊದಲಿಗೆ ಕಾಣಸಿಗುವುದು ಯೆಮನ್‌ನಲ್ಲಿ. 15ನೆಯ ಶತಮಾನದ ಹೊತ್ತಿಗೆ ಅಲ್ಲಿನ ಸೂಫಿಗಳು ರಾತ್ರಿಯ ಪ್ರಾರ್ಥನೆಗೆ ಎಚ್ಚರವಿರಲು ಕಾಫಿ ಕುಡಿಯುತ್ತಿದ್ದರು. ಬೆಟ್ಟದ ಮೆಟ್ಟಿಲುಗದ್ದೆಗಳಲ್ಲಿ ಬೆಳೆದ ಬೀಜ ಮೋಖಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಮೊಳೆಯುವ ಬೀಜ ಹೊರಗೆ ಹೋಗದಂತೆ ಅರಬರು ಕಾವಲಿದ್ದರು, ಬೇಯಿಸಿಯೋ ಹುರಿದೋ ಮಾತ್ರ ಮಾರುತ್ತಿದ್ದರು ಎಂಬ ಮಾತು ಹಳೆಯದು. ಅಂಥ ಕಟ್ಟಪ್ಪಣೆ ಇರಲಿ ಇಲ್ಲದಿರಲಿ, ಬೀಜದ ಸ್ವಭಾವವೇ ಒಂದು ಬೇಲಿಯಾಗಿತ್ತು. ಕಾಫಿ ಬೀಜ ಭತ್ತ ರಾಗಿಗಳಂತೆ ಕಣಜದಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುವುದಿಲ್ಲ. ಕೆಲವು ತಿಂಗಳಲ್ಲಿ ಮೊಳೆಯುವ ಶಕ್ತಿ ಇಳಿಯುತ್ತದೆ. ಪೂರ್ತಿ ಒಣಗಿ, ತಿಂಗಳುಗಟ್ಟಲೆ ಮೂಟೆಯಲ್ಲಿ ಪಯಣಿಸಿದ ಬೀಜ ಬಿತ್ತನೆಗೆ ಬರುವುದು ಕಷ್ಟ.

ಆ ಬೇಲಿ ದಾಟಿದವರಲ್ಲಿ ಬಾಬಾ ಬುಡನ್ ಹೆಸರು ಕನ್ನಡಿಗರಿಗೆ ತಿಳಿದದ್ದೇ. ಮೆಕ್ಕಾ ಯಾತ್ರೆಯಿಂದ ಮರಳುವಾಗ ಅವರು ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬುದು ಪ್ರತೀತಿ. ಇದಕ್ಕೆ 1600, 1670 ಎಂದೆಲ್ಲ ಇಸವಿ ಹೇಳುವುದುಂಟು. ಏಳು ಎಂಬ ಎಣಿಕೆಯಲ್ಲಿ ಭಕ್ತಿಯ ಪಾಲು ಹೆಚ್ಚಿರಬಹುದು. ಆದರೆ 17ನೆಯ ಶತಮಾನ ಮುಗಿಯುವ ಮೊದಲೇ ಪಶ್ಚಿಮ ಕರಾವಳಿಯ ಹಿನ್ನಾಡಿನಲ್ಲಿ ಕಾಫಿ ಗಿಡವಿತ್ತು ಎಂಬುದಕ್ಕೆ ಡಚ್ಚರ ವ್ಯವಹಾರವೇ ಸಾಕ್ಷಿ. 1696ರಲ್ಲಿ ಅವರು ಜಾವಾಕ್ಕೆ ಸಸಿ ಸಾಗಿಸಿದ್ದು ಯೆಮನ್‌ನಿಂದಲ್ಲ, ಮಲಬಾರಿನಿಂದ. ಆ ಸಸಿಗಳು ಪ್ರವಾಹದಲ್ಲಿ ಹೋದವು. 1699ರಲ್ಲಿ ಮತ್ತೆ ಮಲಬಾರಿನಿಂದಲೇ ತಂದು ನೆಟ್ಟದ್ದು ಬೇರೂರಿತು. ಮಲಬಾರಿಗೆ ಗಿಡ ಬಂದದ್ದು ಬಾಬಾ ಬುಡನ್‌ಗಿರಿಯಿಂದಲೋ ನೇರ ಅರಬ್ಬೀ ಹಡಗುಗಳಿಂದಲೋ ಎಂಬ ಚರ್ಚೆಯನ್ನು ಬದಿಗಿಟ್ಟರೂ, ಜಾವಾದ ಕಾಫಿಗೆ ತೌರು ಭಾರತವೇ.

ಮುಂದಿನ ಪಯಣ ಇನ್ನೂ ಇಕ್ಕಟ್ಟಿನದು. 1706ರಲ್ಲಿ ಜಾವಾದಿಂದ ಒಂದು ಗಿಡ ಆಮ್‌ಸ್ಟರ್‌ಡ್ಯಾಮಿನ ಸಸ್ಯೋದ್ಯಾನಕ್ಕೆ ಬಂತು. ಹಿಮ ಬೀಳುವ ಊರಿನಲ್ಲಿ ಕಾವು ಕೊಟ್ಟ ಗಾಜಿನ ಮನೆಯೊಳಗೆ ಅದನ್ನು ಬದುಕಿಸಿ, ಹೂ ಬಿಡಿಸಿ, ಹಣ್ಣಾಗಿಸಿ, ಬೀಜದಿಂದ ಮರಿಗಳನ್ನು ಎಬ್ಬಿಸಿದರು. 1714ರಲ್ಲಿ ಆ ಊರಿನವರು ಒಂದು ಮರಿಯನ್ನು ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಗೆ ಕಾಣಿಕೆ ಕೊಟ್ಟರು. ಅದು ಪ್ಯಾರಿಸ್ಸಿನ ರಾಜೋದ್ಯಾನ ಸೇರಿತು. ಅಲ್ಲಿನ ಸಸ್ಯಶಾಸ್ತ್ರಜ್ಞ ಜುಸ್ಯೂ ಅದಕ್ಕೆ ಅರೇಬಿಯದ ಮಲ್ಲಿಗೆ ಎಂದು ಹೆಸರಿಟ್ಟ. ಮೊಗ್ಗು ಅರಳಿಸುವ ಹೂಮಳೆ ಬಿದ್ದ ಮೇಲೆ ಕಾಫಿ ತೋಟಕ್ಕೆ ಕಾಲಿಟ್ಟವರು ಅವನನ್ನು ತಪ್ಪೆನ್ನಲಾರರು. ಆ ಗಿಡದ ಸಂತಾನದಲ್ಲಿ ಒಂದನ್ನು ದ ಕ್ಲಿಯೂ ಎಂಬ ನೌಕಾಧಿಕಾರಿ 1723ರ ಸುಮಾರಿಗೆ ಅಟ್ಲಾಂಟಿಕ್ ದಾಟಿಸಿ ಮಾರ್ಟಿನಿಕ್ ದ್ವೀಪದಲ್ಲಿ ನೆಟ್ಟ. ಹಡಗಿನಲ್ಲಿ ನೀರು ಮುಗಿಯುತ್ತ ಬಂದಾಗ ತನ್ನ ಪಾಲಿನ ಕುಡಿಯುವ ನೀರನ್ನೇ ಗಿಡಕ್ಕೆ ಹಂಚಿದೆನೆಂದು ಅವನು ಹೇಳಿಕೊಂಡಿದ್ದಾನೆ. ಮಧ್ಯ ಅಮೆರಿಕ, ದಕ್ಷಿಣ ಅಮೆರಿಕಗಳಲ್ಲಿ ಬಹುಕಾಲ ಆಳಿದ ಟಿಪಿಕಾ ತಳಿ ಹೀಗೆ ಒಂಟಿ ಗಿಡಗಳ ಸರಪಳಿಯಿಂದ ಇಳಿದುಬಂದದ್ದು. ಆ ಸರಪಳಿಯ ಹಿಂದಿನ ಕೊಂಡಿ ಭಾರತದ ಪಶ್ಚಿಮ ಕರಾವಳಿಯಲ್ಲಿದೆ.

ಇತ್ತ ಮಲೆನಾಡಿನಲ್ಲಿ ಕಾಫಿ ಬಹುಕಾಲ ಹಿತ್ತಿಲ ಗಿಡವಾಗಿಯೇ ಇತ್ತು. ಬಾಬಾ ಬುಡನ್‌ಗಿರಿಯ ತಪ್ಪಲಿನ ರೈತರು ಮನೆಯ ಹಿಂದೆ, ಕಾನಿನ ಅಂಚಿನಲ್ಲಿ, ಮರಗಳ ನಡುವೆ ನೆಟ್ಟುಕೊಳ್ಳುತ್ತಿದ್ದರು. ಸಸಿಗೆ ಬೇರೆ ಮಡಿ ಮಾಡುವ ರೂಢಿ ಇರಲಿಲ್ಲ. ಹಣ್ಣು ಉದುರಿ ತಾಯಿಗಿಡದ ಬುಡದಲ್ಲಿ ಎದ್ದ ಸಸಿಗಳನ್ನು ಕಿತ್ತು ಬೇರೆಡೆ ನೆಟ್ಟರೆ ಆಯಿತು. ತುದಿ ಚಿವುಟುವುದಾಗಲಿ ಕೊಂಬೆ ಸವರುವುದಾಗಲಿ ಇಲ್ಲದೆ ಗಿಡ ತನ್ನ ಇಚ್ಛೆಯಂತೆ ಮರದೆತ್ತರ ಹೋಗುತ್ತಿತ್ತು. ಫಸಲು ಕಡಿಮೆಯೇ, ಆದರೆ ಕಾಡು, ನೆರಳು, ತರಗೆಲೆಯ ಗೊಬ್ಬರ ಎಲ್ಲ ಅದರ ಹುಟ್ಟೂರಿನಂತೆಯೇ ಇದ್ದುದರಿಂದ ಗಿಡ ದೀರ್ಘಕಾಲ ಬಾಳುತ್ತಿತ್ತು. ಈ ತಳಿಗೆ ಮುಂದೆ ಚಿಕ್ಕಮಗಳೂರಿನ ಹೆಸರಿನಿಂದಲೇ ಚಿಕ್ ಎಂಬ ಹೆಸರು ಬಿತ್ತು. ಇಳುವರಿಯಲ್ಲಿ ದೊಡ್ಡದಲ್ಲದಿದ್ದರೂ ಲಂಡನ್ ಪೇಟೆಯಲ್ಲಿ ಮೈಸೂರು ಕಾಫಿಗೆ ಹೆಸರು ತಂದುಕೊಟ್ಟದ್ದು ಅದೇ.

1830ರ ದಶಕದಲ್ಲಿ ಕ್ಯಾನನ್ ಎಂಬಾತ ಚಿಕ್ಕಮಗಳೂರಿನ ಬಳಿ ತೋಟ ಮಾಡಿದ. 1843ರಲ್ಲಿ ಇಂದಿನ ಸಕಲೇಶಪುರದ ಸುತ್ತಿನ ಮಂಜರಾಬಾದಿನಲ್ಲಿ ಗ್ರೀನ್, 1854ರಲ್ಲಿ ಮಡಿಕೇರಿಯ ಬಳಿ ಫೌಲರ್ ಎಂಬವರು ತೋಟ ಎಬ್ಬಿಸಿದರು. ಹಿತ್ತಿಲ ಗಿಡ ಎಸ್ಟೇಟಿನ ಬೆಳೆಯಾಯಿತು. ಯುರೋಪಿನಿಂದ ಬಂದ ಈ ಹೊಸಬರು ನೆಚ್ಚಿಕೊಂಡ ಜ್ಞಾನ ಮಾತ್ರ ಈ ನೆಲದ್ದಲ್ಲ. ಕೆರಿಬಿಯನ್ನಿನ ಸೇಂಟ್ ಡೊಮಿಂಗೋ ದ್ವೀಪದ ಲಾಬೊರಿ ಎಂಬ ತೋಟಗಾರ 1798ರಲ್ಲಿ ಪ್ರಕಟಿಸಿದ ಕೈಪಿಡಿಯೇ ಸಿಲೋನಿನ ಕಾಫಿ ಬೆಳೆಗಾರರಿಗೆ ವೇದವಾಗಿತ್ತು. ಅದೇ ಪದ್ಧತಿ ಮೈಸೂರು, ಕೊಡಗುಗಳಿಗೂ ಬಂತು. ಕಾಡನ್ನು ಕಡಿದು, ಸುಟ್ಟು, ಬೂದಿಯ ಮೇಲೆ ಸಾಲು ಹಿಡಿದು ಗುಂಡಿ ತೋಡಿ ನೆಡುವುದು, ಎತ್ತರ ಮೀರದಂತೆ ತುದಿ ಮುರಿಯುವುದು, ಕಳೆ ಒಂದೂ ಉಳಿಯದಂತೆ ಕೆತ್ತುವುದು, ಇವು ಆ ಪದ್ಧತಿಯ ಮುಖ್ಯ ಅಂಗಗಳು. ಮೊದಲ ಕೆಲವು ವರ್ಷ ಬಿಸಿಲಿಗೆ ಬಿಟ್ಟ ಗಿಡ ಹೂವನ್ನು ಸುರಿದು ಕಾಯಿ ಹೊತ್ತಿತು. ಸಾವಿರಾರು ವರ್ಷದ ತರಗೆಲೆ ಕೊಳೆತು ಆದ ಮಣ್ಣಿನ ಸಾರವನ್ನು ಆ ಫಸಲು ತಿನ್ನುತ್ತಿದೆ ಎಂಬುದು ಕಾಣಲು ಸ್ವಲ್ಪ ಕಾಲ ಬೇಕಾಯಿತು.

ಮೊದಲ ಪೆಟ್ಟು ಬೋರರ್ ಹುಳುವಿನದು. ಬಿಳಿ ಕಾಂಡಕೊರಕವೆಂದೂ ಕರೆಯುವ ಇದರ ಹೆಣ್ಣುದುಂಬಿ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ, ಅದೂ ಬಿಸಿಲು ಬೀಳುವ ಕಾಂಡವನ್ನೇ ಆರಿಸಿಕೊಂಡು. ಮರಿ ಒಳಗೆ ಕೊರೆಯುತ್ತ ಹೋಗಿ ಗಿಡ ಹಳದಿಯಾಗಿ ಒಣಗುತ್ತದೆ. 1860ರ ದಶಕದ ಬರಗಾಲದ ವರ್ಷಗಳಲ್ಲಿ ಅದು ಮೈಸೂರು, ಕೊಡಗುಗಳ ತೋಟಗಳನ್ನು ಮುತ್ತಿತು. ಕೊಡಗಿನ ಪೂರ್ವದ ಬಿದಿರುಸೀಮೆಯಲ್ಲಿ ಬಯಲಾಗಿ ಎಬ್ಬಿಸಿದ್ದ ತೋಟಗಳು ಉಳಿಯಲಿಲ್ಲ. ಮದ್ರಾಸ್ ಸರ್ಕಾರ ಕಳುಹಿಸಿದ ಡಾಕ್ಟರ್ ಜಾರ್ಜ್ ಬಿಡೀ 1869ರಲ್ಲಿ ವರದಿ ಬರೆದು, ನೆರಳು ಕಡಿದದ್ದೇ ಹಾವಳಿಗೆ ದೊಡ್ಡ ಕಾರಣವೆಂದ. ಹಿತ್ತಿಲಿನಲ್ಲಿ ಮರದ ಕೆಳಗೆ ಕಾಫಿ ಬೆಳೆದುಕೊಂಡು ಬಂದವರಿಗೆ ಇದು ಹೊಸ ವಿಷಯವೇನಲ್ಲ; ಅವರನ್ನು ಕೇಳುವ ರೂಢಿ ಇರಲಿಲ್ಲ, ಅಷ್ಟೆ.

ಬಿಡೀ ಸೂಚಿಸಿದ ದಾರಿಯನ್ನು ಮೈಸೂರಿನ ಬೆಳೆಗಾರರು ಗಟ್ಟಿಯಾಗಿ ಹಿಡಿದರು. 1850ರ ದಶಕದಲ್ಲಿ ಮಂಜರಾಬಾದಿಗೆ ಬಂದು ನೆಲೆಸಿದ ರಾಬರ್ಟ್ ಎಲಿಯಟ್ ತನ್ನ ಪುಸ್ತಕಗಳಲ್ಲಿ ಯಾವ ಮರದ ನೆರಳು ಕಾಫಿಗೆ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಪುಟಗಟ್ಟಲೆ ಚರ್ಚಿಸಿದ್ದಾನೆ. ಬಸರಿ, ಗೋಣಿ, ಅತ್ತಿಯಂಥ ಆಲದ ಜಾತಿಯ ಮರಗಳು ಅವನ ಪಟ್ಟಿಯಲ್ಲಿ ಮೇಲಿವೆ.  ಮುಂದೆ ಹಾಲುವಾಣ, ಸಿಲ್ವರ್ ಓಕ್‌ಗಳು ಸೇರಿದವು. ಎತ್ತರದ ಕಾಡುಮರ ಮೇಲೆ, ಬೇಗ ಬೆಳೆಯುವ ಹಾಲುವಾಣ ಕೆಳಗೆ, ಅದರಡಿಗೆ ಕಾಫಿ ಎಂಬ ಎರಡಂತಸ್ತಿನ ನೆರಳು ಕರ್ನಾಟಕದ ತೋಟಗಳ ಗುರುತಾಯಿತು. ಮಳೆಗಾಲಕ್ಕೆ ಮುನ್ನ ಕೊಂಬೆ ಸವರಿ ಬೆಳಕು ಬಿಡುವ ಮರಗಸಿ ಅದರೊಂದಿಗೇ ಬಂದ ಕಸುಬು.

ಆದರೆ ಚಿಕ್ ತಳಿಯನ್ನು ನೆರಳೂ ಉಳಿಸಲಿಲ್ಲ. ಬೋರರ್ ತಿಂದ ಜಾಗಕ್ಕೆ ಅದೇ ತಳಿಯ ಸಸಿ ನೆಟ್ಟರೆ ಏಳಲಿಲ್ಲ, ಎದ್ದವು ಸೊರಗಿದವು. ಕಾಫಿಯ ಕಾಲ ಮುಗಿಯಿತೆಂದು ತೋಟ ಬಿಟ್ಟವರೂ ಉಂಟು. 1870ರ ಸುಮಾರಿಗೆ ಕೊಡಗಿನಿಂದ ಬೀಜ ತಂದು ಬಿತ್ತಿದಾಗ ಹಳೆಯ ಜಾಗದಲ್ಲೇ ಹೊಸ ಸಸಿ ಹುಲುಸಾಗಿ ಬಂತು. ಕೂರ್ಗ್ ಎಂದು ಹೆಸರಾದ ಈ ತಳಿ ಮೈಸೂರಿನ ಕಾಫಿಯನ್ನು ಮತ್ತೆ ನಿಲ್ಲಿಸಿತು. ಮೊದಮೊದಲು ಪೇಟೆಯವರು ಅದರ ಬೀಜಕ್ಕೆ ಮೂಗು ಮುರಿದರು. ಗಿಡಕ್ಕೆ ವಯಸ್ಸಾದಂತೆ ಬೀಜದ ಗುಣ ಚಿಕ್‌ಗೆ ಹತ್ತಿರವಾಯಿತೆಂದು ಎಲಿಯಟ್ ಬರೆದಿದ್ದಾನೆ. ಮಣ್ಣು, ಗಿಡ ನೋಡಿಕೊಳ್ಳುವ ರೀತಿ ಇವೇ ಎಲ್ಲ ಎಂದು ನಂಬಿದ್ದ ಬೆಳೆಗಾರರಿಗೆ ಬೀಜ ಬದಲಿಸುವುದೂ ಒಂದು ದಾರಿ ಎಂದು ತಿಳಿದದ್ದು ಆಗ.

ಆ ಹೊತ್ತಿಗೆ ಎರಡನೆಯ ಪೆಟ್ಟು ಕಾದಿತ್ತು. 1869ರಲ್ಲಿ ಸಿಲೋನಿನಲ್ಲಿ ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿಯ ಚುಕ್ಕೆಗಳು ಕಂಡವು. ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂಬ ಶಿಲೀಂಧ್ರದ ಈ ತುಕ್ಕುರೋಗ ಎಲೆ ಉದುರಿಸಿ, ಮುಂದಿನ ವರ್ಷ ಕಾಯಿ ಹೊರಬೇಕಾದ ಅಡ್ಡಕೊಂಬೆಗಳನ್ನೇ, ತೋಟದವರ ಮಾತಿನಲ್ಲಿ ರೆಕ್ಕೆಗಳನ್ನೇ, ಬರಿದು ಮಾಡುತ್ತದೆ. 1880ರ ಹೊತ್ತಿಗೆ ಅಲ್ಲಿಗೆ ಬಂದ ಸಸ್ಯಶಾಸ್ತ್ರಜ್ಞ ಮಾರ್ಷಲ್ ವಾರ್ಡ್ ಗಾಳಿಯಲ್ಲಿ ಹಾರುವ ಬೀಜಾಣುಗಳಿಂದ ರೋಗ ಹರಡುವುದನ್ನು ತೋರಿಸಿದ. ಬೆಟ್ಟದಿಂದ ಬೆಟ್ಟಕ್ಕೆ ಒಂದೇ ಬೆಳೆ ಹಬ್ಬಿಸಿದ್ದನ್ನು ದೂರಿದ. ಆದರೆ ಕಾಲ ಮಿಂಚಿತ್ತು. ಸಿಲೋನ್ ಕಾಫಿ ಬಿಟ್ಟು ಚಹಾ ಹಿಡಿಯಿತು. ಮೈಸೂರು, ಕೊಡಗುಗಳಿಗೂ ರೋಗ ಬಂತು, ಆದರೆ ಬೆಳೆಯನ್ನು ಅಳಿಸಲಿಲ್ಲ. ಮರದ ನೆರಳು, ಡಿಸೆಂಬರಿನಿಂದ ಮಾರ್ಚಿಯವರೆಗಿನ ಒಣಹವೆ, ತೋಟಗಳ ನಡುವೆ ಉಳಿದಿದ್ದ ಕಾಡು ಮತ್ತು ಗದ್ದೆಬಯಲು ಎಲ್ಲವೂ ಅದರ ವೇಗವನ್ನು ತಗ್ಗಿಸಿದವು. ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಮಳೆಗಾಲದ ಹಿಂದು ಮುಂದು ಎಲೆಯ ಅಡಿಗೆ ಸಿಂಪಡಿಸುವುದು 20ನೆಯ ಶತಮಾನದಲ್ಲಿ ರೂಢಿಗೆ ಬಂತು. ಇಂದಿಗೂ ಅರೇಬಿಕಾ ತೋಟಗಳಲ್ಲಿ ಆ ನೀಲಿ ಕಲೆ ಕಾಣುತ್ತದೆ.

ಬೀಜದ ಮೇಲೆ ಗಮನ ಬಿದ್ದಂತೆ ಸಸಿ ಎಬ್ಬಿಸುವುದೂ ಒಂದು ಶಾಸ್ತ್ರವಾಯಿತು. ಒಳ್ಳೆಯ ಗಿಡಗಳನ್ನು ಗುರುತು ಮಾಡಿ, ಪೂರ್ತಿ ಹಣ್ಣಾದದ್ದನ್ನು ಮಾತ್ರ ಬಿಡಿಸಿ ನೀರಿಗೆ ಹಾಕುತ್ತಾರೆ, ತೇಲಿದ್ದು ಜೊಳ್ಳು. ಮುಳುಗಿದ ಹಣ್ಣಿನ ಸಿಪ್ಪೆ ಬಿಡಿಸಿ, ಬೀಜವನ್ನು ಒಲೆಬೂದಿಯಲ್ಲಿ ಹೊರಳಿಸಿ, ನೆರಳಿನಲ್ಲಿ ಹರಡಿ ಆರಿಸುತ್ತಾರೆ. ಬಿಸಿಲಿಗೆ ಹಾಕಿದರೆ ಕುಡಿಯುವ ಕಾಫಿಯಾದೀತು, ಸಸಿಯಾಗದು. ಡಿಸೆಂಬರ್, ಜನವರಿಯಲ್ಲಿ ಕಾಡುಮಣ್ಣು, ಕೊಳೆತ ಗೊಬ್ಬರ ಕೂಡಿಸಿದ ಏರುಮಡಿಗಳಲ್ಲಿ ಬೀಜದ ಚಪ್ಪಟೆ ಮೈ ಕೆಳಗಾಗುವಂತೆ ಒತ್ತೊತ್ತಾಗಿ ಇಟ್ಟು, ತೆಳ್ಳಗೆ ಮಣ್ಣು ಮುಚ್ಚಿ, ಮೇಲೆ ಭತ್ತದ ಹುಲ್ಲು ಹೊದಿಸುತ್ತಾರೆ. ಮಡಿಯ ಮೇಲೆ ಚಪ್ಪರದ ನೆರಳು ಬೇಕೇ ಬೇಕು. ಸುಮಾರು 45 ದಿನಕ್ಕೆ ಮೊಳಕೆ ಮೇಲೇಳುತ್ತದೆ. ಬೀಜದ ಹೊಟ್ಟನ್ನು ತಲೆಯ ಮೇಲೆ ಹೊತ್ತು ನೆಟ್ಟಗೆ ನಿಂತ ಆ ಹಂತವನ್ನು ತೋಟದವರು ಟೋಪಿ ಎನ್ನುತ್ತಾರೆ. ಹೊಟ್ಟು ಕಳಚಿ ಎರಡು ದುಂಡನೆಯ ಎಲೆ ಬಿಚ್ಚಿಕೊಂಡರೆ ಅದು ಚಿಟ್ಟೆ. ಟೋಪಿಯಿಂದ ಚಿಟ್ಟೆಯವರೆಗಿನ ಈ ಅವಧಿಯಲ್ಲೇ ಸಸಿಯನ್ನು ಮಡಿಯಿಂದ ಎತ್ತಿ, ತಾಯಿಬೇರು ಡೊಂಕಾದವನ್ನು ಬಿಸಾಡಿ, ಒಂದೊಂದನ್ನೇ ಬುಟ್ಟಿಗೆ ಇಳಿಸಬೇಕು. ಬುಟ್ಟಿ ಎಂದರೆ ಹಿಂದೆ ನಿಜವಾಗಿ ಬಿದಿರಿನ ಪುಟ್ಟ ಬುಟ್ಟಿಯೇ. ಈಗ ಮಣ್ಣು ತುಂಬಿದ ಪಾಲಿಥೀನ್ ಚೀಲ. ಬುಟ್ಟಿಯ ಲಾಭ ದೊಡ್ಡದು. ಹಿಂದೆ ಮಡಿಯಿಂದ ಬರಿಬೇರಿನಲ್ಲಿ ಕಿತ್ತ ಸಸಿ ಮಳೆ ಕೈಕೊಟ್ಟರೆ ಬಾಡುತ್ತಿತ್ತು. ಬುಟ್ಟಿಗಿಡ ಬೇರು ಅಲುಗದೆ ಗುಂಡಿಗೆ ಇಳಿಯುತ್ತದೆ.

ಬೇಸಿಗೆಯ ಮೊದಲ ಮಳೆಗೆ ಒಂದೂವರೆ ಅಡಿ ಘನದ ಗುಂಡಿ ತೆಗೆದು ಮಣ್ಣನ್ನು ಹದಕ್ಕೆ ಬಿಡುವುದು, ಮುಂಗಾರು ಹಿಡಿದ ಮೇಲೆ ಅಥವಾ ಅದು ಇಳಿದ ಸೆಪ್ಟೆಂಬರಿನಲ್ಲಿ ನೆಡುವುದು ಕ್ರಮ. ಗಿಡ ಎರಡೂವರೆ ಅಡಿ ಎತ್ತರಕ್ಕೆ ಬಂದಾಗ ಅರೇಬಿಕಾದ ತುದಿ ಮುರಿಯುತ್ತಾರೆ; ಬೆಳವಣಿಗೆ ಅಡ್ಡರೆಕ್ಕೆಗಳಿಗೆ ತಿರುಗುತ್ತದೆ. ಕೆಲವು ಫಸಲಿನ ನಂತರ ನೆಟ್ಟಗೆ ಏಳುವ ಒಂದು ಕಂಬಚಿಗುರನ್ನು ಬಿಟ್ಟುಕೊಂಡು ನಾಲ್ಕೂವರೆ ಐದು ಅಡಿಯಲ್ಲಿ ಎರಡನೆಯ ಸಲ ಮುರಿಯುವುದುಂಟು. ಕಂಬಚಿಗುರಿಗೂ ರೆಕ್ಕೆಗೂ ಇರುವ ಭೇದ ಕಾಫಿ ಗಿಡದ ವಿಚಿತ್ರಗಳಲ್ಲಿ ಒಂದು. ಕಂಬಚಿಗುರಿನ ತುಂಡನ್ನು ಬೇರು ಬರಿಸಿ ನೆಟ್ಟರೆ ಅದು ನೆಟ್ಟಗೆ ಗಿಡವಾಗಿ ನಾಲ್ಕು ದಿಕ್ಕಿಗೂ ರೆಕ್ಕೆ ಬಿಡುತ್ತದೆ. ರೆಕ್ಕೆಯ ತುಂಡನ್ನು ನೆಟ್ಟರೆ ಅದು ಬದುಕಿದರೂ ಜೀವಮಾನವಿಡೀ ಅಡ್ಡಡ್ಡವೇ ಹರಿಯುತ್ತದೆ, ಕಂಬ ಎತ್ತುವುದಿಲ್ಲ. ಅರೇಬಿಕಾದಲ್ಲಿ ಬೀಜವೇ ತಾಯಿಯನ್ನು ಹೋಲುವುದರಿಂದ ತುಂಡು ನೆಡುವ ಈ ತೊಂದರೆ ತೆಗೆದುಕೊಳ್ಳುವ ಅಗತ್ಯ ಬೆಳೆಗಾರರಿಗೆ ಬೀಳಲಿಲ್ಲ.

ತುಕ್ಕಿಗೆ ಉತ್ತರವೂ ಬೀಜದ ಆಯ್ಕೆಯಿಂದಲೇ ಬಂತು. 1911ರಲ್ಲಿ ದೊಡ್ಡೇನಗುಡ್ಡ ತೋಟದ ಕೆಂಟ್ ಎಂಬ ಬೆಳೆಗಾರ ರೋಗದ ನಡುವೆಯೂ ಎಲೆ ಉಳಿಸಿಕೊಂಡ ಗಿಡವನ್ನು ಗುರುತಿಸಿ, ಅದರ ಬೀಜದಿಂದ ಸಸಿ ಮಾಡಿದ. ಕೆಂಟ್ಸ್ ಎಂಬ ಆ ತಳಿ ಭಾರತದಲ್ಲೂ ಪೂರ್ವ ಆಫ್ರಿಕದಲ್ಲೂ ಹಬ್ಬಿತು. ಕೆಲಕಾಲದ ಬಳಿಕ ಅದಕ್ಕೂ ತುಕ್ಕು ಹಿಡಿದಾಗ, ಒಮ್ಮೆ ರೋಗ ತಡೆದ ತಳಿ ಈಗೇಕೆ ಸೋಲುತ್ತದೆ ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರ ಸಿಕ್ಕಿದ್ದು ಬಾಳೆಹೊನ್ನೂರಿನಲ್ಲಿ.

ಮೈಸೂರು ಸರ್ಕಾರದ ಕೃಷಿ ಇಲಾಖೆ 1915ರಲ್ಲಿ ಕೊಪ್ಪದಲ್ಲಿ ಎಲೆರೋಗದ ಅಧ್ಯಯನಕ್ಕೊಂದು ಚಿಕ್ಕ ಘಟಕ ತೆರೆದಿತ್ತು. ಇಲಾಖೆಯನ್ನು ಆಗ ನಡೆಸುತ್ತಿದ್ದವನು ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಶುರುವಾಯಿತು. ಅಲ್ಲಿ ಕೆಲಸ ಮಾಡಿದ ಮೇನ್ ಎಂಬ ವಿಜ್ಞಾನಿ 1930ರ ದಶಕದಲ್ಲಿ, ನೋಡಲು ಒಂದೇ ಆಗಿ ಕಾಣುವ ತುಕ್ಕಿನಲ್ಲಿ ಬೇರೆ ಬೇರೆ ಪಂಗಡಗಳಿವೆ ಎಂದು ಮೊದಲ ಬಾರಿಗೆ ಸಾಧಿಸಿದ. ಕೆಂಟ್ಸ್ ಒಂದು ಪಂಗಡವನ್ನು ತಡೆಯುತ್ತಿತ್ತು, ಇನ್ನೊಂದನ್ನಲ್ಲ. ತೋಟದಲ್ಲಿ ಯಾವ ತಳಿ ಹೆಚ್ಚಿದೆಯೋ ಅದನ್ನು ಗೆಲ್ಲುವ ಪಂಗಡ ಬೆಳೆಯುತ್ತದೆ. ಜಗತ್ತಿನ ತುಕ್ಕು ಸಂಶೋಧನೆಯೆಲ್ಲ ಮುಂದೆ ಈ ತಳಹದಿಯ ಮೇಲೆ ನಿಂತಿತು. ಮಲೆನಾಡಿನ ಒಂದು ಮೂಲೆಯಲ್ಲಿ ನಡೆದ ಈ ಕೆಲಸಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ.

ಎರಡೂ ಪಂಗಡಗಳನ್ನು ತಡೆಯುವ ಗುಣ ಸಿಕ್ಕಿದ್ದು ಬೆರಕೆಯ ಗಿಡವೊಂದರಲ್ಲಿ. ಡೂಬ್ಲಾ ತೋಟದಲ್ಲಿ ಲೈಬೀರಿಕಾ ಎಂಬ ದೊಡ್ಡೆಲೆಯ ಕಾಫಿ ಜಾತಿಗೂ ಅರೇಬಿಕಾಕ್ಕೂ ತಾನಾಗಿ ಹುಟ್ಟಿದ ಮಿಶ್ರಸಂತಾನ ದೊರೆಯಿತು. ಅದಕ್ಕೆ ಎಸ್. 26 ಎಂದು ಗುರುತಿಟ್ಟರು. ಅದರ ಸಂತತಿಯಿಂದ ಆರಿಸಿದ್ದು ಎಸ್. 288. ರೋಗ ತಡೆಯುವಲ್ಲಿ ಅದು ಗಟ್ಟಿ, ಬೀಜ ಮಾತ್ರ ಅಷ್ಟು ಚೆನ್ನಲ್ಲ. ಅದನ್ನು ಕೆಂಟ್ಸ್ ಜೊತೆ ಕೂಡಿಸಿ ಪಡೆದ ಎಸ್. 795 ತಳಿ 1940ರ ದಶಕದ ನಡುವಿನಲ್ಲಿ ಬೆಳೆಗಾರರ ಕೈ ಸೇರಿತು. ಲೈಬೀರಿಕಾದ ತಾಳಿಕೆ, ಕೆಂಟ್ಸ್‌ನ ರುಚಿ ಎರಡೂ ಇದ್ದ ಈ ಗಿಡ ಎತ್ತರವಾಗಿ, ಹರಡಿಕೊಂಡು ಬೆಳೆಯುತ್ತದೆ. ನೆರಳಿಗೆ ಹೇಳಿ ಮಾಡಿಸಿದಂತಿದೆ. ಹೊಸ ಪಂಗಡದ ತುಕ್ಕು ಅದನ್ನೂ ಹಿಡಿಯಿತು, ಆದರೂ ಅರೇಬಿಕಾ ಬೆಳೆಗಾರರು ಅದನ್ನು ಬಿಟ್ಟಿಲ್ಲ. ಇಂಡೊನೇಷ್ಯಕ್ಕೆ ಹೋಗಿ ಅದು ಅಲ್ಲೂ ಹರಡಿತು.

ರೊಬಸ್ಟಾದ ದಾರಿ ಬೇರೆ. 20ನೆಯ ಶತಮಾನದ ಮೊದಲ ದಶಕದಲ್ಲಿ ಅದು ತುಕ್ಕಿಗೆ ಪರಿಹಾರವೆಂದು ದಕ್ಷಿಣ ಭಾರತಕ್ಕೆ ಬಂತು. ತಗ್ಗಿನ, ಬೆಚ್ಚನೆಯ ಜಾಗದಲ್ಲೂ ಅದು ಬೆಳೆಯುತ್ತದೆ, ಬೋರರ್ ಹುಳು ಅದರ ಗೊಡವೆಗೆ ಹೋಗುವುದು ಕಡಿಮೆ. ಆದರೆ ಅದರ ಹೂವಿಗೆ ಬೇರೆ ಗಿಡದ ಪರಾಗವೇ ಆಗಬೇಕು. ಬೀಜದ ಸಸಿಗಳು ಒಂದರಂತೆ ಒಂದಿರುವುದಿಲ್ಲ. ಹೀಗಾಗಿ ಚೆನ್ನಾಗಿ ಕಾಯಿ ಬಿಡುವ ಗಿಡದ ಕಂಬಚಿಗುರನ್ನು ತುಂಡು ಮಾಡಿ ಬೇರು ಬರಿಸುವುದು, ಎಳೆ ಸಸಿಯ ತಲೆ ಸೀಳಿ ಅದಕ್ಕೆ ಒಳ್ಳೆಯ ಗಿಡದ ಕುಡಿ ಕೂರಿಸುವುದು ಇಲ್ಲಿ ಉಪಯೋಗಕ್ಕೆ ಬಂದವು. ಬಾಳೆಹೊನ್ನೂರಿನಲ್ಲಿ ಆರಿಸಿದ ಎಸ್. 274, ಮತ್ತು ಕಾಂಜೆನ್ಸಿಸ್ ಎಂಬ ಜಾತಿಯೊಡನೆ ಕೂಡಿಸಿದ ಸಿ×ಆರ್ ತಳಿಗಳು ಕೊಡಗು, ಸಕಲೇಶಪುರ, ಮೂಡಿಗೆರೆಗಳ ತೋಟಗಳನ್ನು ತುಂಬಿದವು. ಹಿತ್ತಿಲ ಅರೇಬಿಕಾದಿಂದ ಹೊರಟ ಭಾರತದ ಕಾಫಿಯಲ್ಲಿ ಇಂದು ಮೂರನೇ ಎರಡು ಭಾಗಕ್ಕಿಂತ ಹೆಚ್ಚು ರೊಬಸ್ಟಾ.

ಅರೇಬಿಕಾದಲ್ಲಿ ಹುಡುಕಾಟ ನಿಲ್ಲಲಿಲ್ಲ. ಟಿಮೋರ್ ದ್ವೀಪದಲ್ಲಿ ಅರೇಬಿಕಾಕ್ಕೂ ರೊಬಸ್ಟಾಕ್ಕೂ ತಾನಾಗಿ ಆದ ಬೆರಕೆ ತುಕ್ಕನ್ನು ತಡೆಯುತ್ತದೆಂದು ತಿಳಿದ ಮೇಲೆ ಅದರ ಸಂತತಿ ಎಲ್ಲೆಡೆ ಬೇಡಿಕೆಗೆ ಬಂತು. 1980ರ ದಶಕದಲ್ಲಿ ಇಲ್ಲಿ ಬಿಡುಗಡೆಯಾದ ಕಾವೇರಿ ತಳಿ ಆ ವಂಶದ್ದು. ಕುಳ್ಳಗಿದ್ದು ಒತ್ತೊತ್ತಾಗಿ ನೆಡಲು ಬರುವ ಅದನ್ನು ಬೆಳೆಗಾರರು ಆಸೆಯಿಂದ ಹಚ್ಚಿದರು. ಕೆಲವೇ ವರ್ಷದಲ್ಲಿ ತುಕ್ಕು ಅದನ್ನು ಹಿಡಿಯಿತು, ಬೋರರ್‌ಗೂ ಅದು ಸುಲಭದ ತುತ್ತಾಯಿತು. 2007ರಲ್ಲಿ ಬಂದ ಚಂದ್ರಗಿರಿಯಲ್ಲೂ ಟಿಮೋರಿನ ರಕ್ತವಿದೆ. ಕಾಡಿನ ಮೂಲಕ್ಕೆ ಹೋದದ್ದು ಇನ್ನೊಂದು ದಾರಿ. 1964–65ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಇಥಿಯೋಪಿಯದ ಕಾಡು, ಹಿತ್ತಿಲುಗಳಿಂದ ಸಂಗ್ರಹಿಸಿದ ಬೀಜದಲ್ಲಿ ಒಂದು ಪಾಲು ಭಾರತಕ್ಕೂ ಬಂತು. ಅದಕ್ಕೂ ಮೊದಲೇ ತರಿಸಿದ್ದ ತಫಾರಿಕೇಲಾ, ಅಗಾರೋ, ಚೊಚ್ಚೆ ಎಂಬ ಇಥಿಯೋಪಿಯದ ಗಿಡಗಳು ಬಾಳೆಹೊನ್ನೂರಿನಲ್ಲಿದ್ದವು. ತಫಾರಿಕೇಲಾವನ್ನು ಟಿಮೋರ್ ಬೆರಕೆಯೊಡನೆ ಕೂಡಿಸಿ ಸೆಲೆಕ್ಷನ್ 9 ಎಂಬ ತಳಿಯನ್ನು ಪಡೆದರು. ರುಚಿಯ ಸ್ಪರ್ಧೆಗಳಲ್ಲಿ ಅದಕ್ಕೆ ಮನ್ನಣೆ ಸಿಕ್ಕಿದೆ. ಬೆಳೆಗಾರರಿಗೆ ಬಿತ್ತನೆ ಬೀಜವನ್ನು ಈಗಲೂ ಕಾಫಿ ಮಂಡಳಿಯ ಸಂಶೋಧನಾ ಕೇಂದ್ರಗಳು ಒದಗಿಸುತ್ತವೆ. ಕೊಯ್ಲಿಗೆ ಮುನ್ನವೇ ಬೇಕಾದ ತಳಿಯನ್ನು ಕಾದಿರಿಸಿ, ಹಣ್ಣು ಬಿಡಿಸಿದ ಕೆಲವೇ ವಾರಗಳಲ್ಲಿ ಬೀಜ ತಂದು ಮಡಿಗೆ ಹಾಕುವುದು ವಾಡಿಕೆ.